ಹತ್ತಿ ನೂಲಿಗೆ ಫಿಕ್ಸರ್ (ಹಾಕಿದ ಬಣ್ಣ ಬಿಡದಂತೆ ಹಿಡಿಯುವ ರಾಸಾಯನಿಕ) ಹೇಗೆ ಅಂಟುತ್ತದೆ? ಅದರಲ್ಲಿ ಉಪ್ಪು ಇದ್ದರೆ ಏನಾಗುತ್ತದೆ?

ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ ನಮ್ಮದು. ಅದಕ್ಕೇ ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

ಹತ್ತಿ ಅಂದರೆ ಬಹುಪಾಲು ಸೆಲ್ಯುಲೋಸ್. ಅದರಲ್ಲಿ ಅಲ್ಲೊಂದು ಇಲ್ಲೊಂದು ಕಾರ್ಬಾಕ್ಸಿಲ್ ಅನ್ನೋ ಆಮ್ಲೀಯ ಗುಂಪು ಇರುವುದರಿಂದ, ನೀರಿಗೆ ಬಿದ್ದಾಗ ಎಳೆಯ ಮೈಮೇಲೆ ಸ್ವಲ್ಪ ಋಣ ಚಾರ್ಜ್ ಬರುತ್ತದೆ. ಫಿಕ್ಸರ್ ಅನ್ನೋದು ಸಾಮಾನ್ಯವಾಗಿ ಧನ ಚಾರ್ಜಿನ ಉದ್ದನೆಯ ಪಾಲಿಮರ್ ಸರಪಳಿ. ಧನ, ಋಣ ಸೆಳೆಯುತ್ತವೆ ಅನ್ನೋದು ಅರ್ಧ ಉತ್ತರ ಮಾತ್ರ. ಸರಪಳಿಯ ಸುತ್ತಲೂ ಎಳೆಯ ಸುತ್ತಲೂ ಸಣ್ಣ ಅಯಾನುಗಳು, ಅಂದರೆ ಚಾರ್ಜ್ ಇರುವ ಕಣಗಳು, ಮುತ್ತಿಕೊಂಡಿರುತ್ತವೆ. ಪಾಲಿಮರ್ ಎಳೆಯ ಮೇಲೆ ಕೂತಾಗ ಅವೆಲ್ಲ ಬಿಡುಗಡೆಯಾಗಿ ನೀರಲ್ಲಿ ಹರಡುತ್ತವೆ. ಹೀಗೆ ಎಂಟ್ರೊಪಿ, ಅಂದರೆ ಕಣಗಳ ಚದುರುವಿಕೆ, ಹೆಚ್ಚುವುದೇ ಅಂಟುವುದಕ್ಕೆ ದೊಡ್ಡ ಕಾರಣ. ಮೇಲಾಗಿ ಒಂದು ಸರಪಳಿ ಹಲವು ಕಡೆ ಹಿಡಿದಿರುತ್ತದೆ. ಎಲ್ಲ ಹಿಡಿತವೂ ಒಟ್ಟಿಗೆ ಬಿಡಬೇಕಲ್ವಾ? ಅದಕ್ಕೇ ಬರೀ ನೀರಲ್ಲಿ ಜಾಲಾಡಿದರೆ ಹೋಗುವುದಿಲ್ಲ.

ಚಾರ್ಜ್ ಜಾಸ್ತಿ ಇರುವ ಸರಪಳಿ ಚಾಪೆಯಂತೆ ಚಪ್ಪಟೆಯಾಗಿ ಮಲಗುತ್ತದೆ. ಕಡಿಮೆ ಇದ್ದರೆ ಕುಣಿಕೆ ಕುಣಿಕೆಯಾಗಿ ಎದ್ದು ನಿಲ್ಲುತ್ತದೆ.

ಇನ್ನು ಉಪ್ಪು. ಹತ್ತಿಗೆ ನೇರವಾಗಿ ಹತ್ತುವ ಡೈರೆಕ್ಟ್ ಬಣ್ಣವೂ ಋಣ, ಹತ್ತಿಯೂ ಋಣ. ಬಣ್ಣದ ತೊಟ್ಟಿಯಲ್ಲಿ ಉಪ್ಪು ಆ ದೂಡಾಟವನ್ನು ತಗ್ಗಿಸುತ್ತದೆ, ಅಲ್ಲಿ ಅದು ಬೇಕು. ಫಿಕ್ಸರ್ ನೀರಲ್ಲಿ ಅದೇ ಉಪ್ಪು ಸೆಳೆತವನ್ನೇ ತಗ್ಗಿಸುತ್ತದೆ. ತುಸು ಇದ್ದರೆ ಸರಪಳಿ ಮುದುಡಿಕೊಂಡು ಜಾಸ್ತಿ ಕೂರುವುದೂ ಉಂಟು. ಆದರೆ ವಿಪರೀತವಾದರೆ ಕಳಚುತ್ತದೆ.

ಒಮ್ಮೆ ಅವಸರದಲ್ಲಿ ಕೆಂಪು ಲಡಿಗಳನ್ನು ತೊಳೆಯದೆ ಫಿಕ್ಸರಿಗೆ ಹಾಕಿದ್ದೆವು. ನೀರಲ್ಲಿದ್ದ ಬಿಡಿ ಬಣ್ಣ ಪಾಲಿಮರ್ ಜೊತೆ ಗಟ್ಟಿಯಾಗಿ, ಲಡಿಯ ತುಂಬ ಕಪ್ಪುಗೆಂಪು ಚುಕ್ಕೆ ಕೂತವು. ಮೊದಲು ಜಾಲಾಡಿ, ನೀರು ತಿಳಿಯಾದ ಮೇಲೇ ಫಿಕ್ಸರಿಗೆ ಹಾಕಿ.