500ಕ್ಕೆ 376 ಬಂದರೂ ಫೇಲು

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಅಂತ ಮೊದಲ ಸಲ ವಿಡಿಯೋ ಕಾಲ್‌ಗೆ ಬಂದಾಗ ಆಕೆ ಕಾರಿನೊಳಗೆ ಕೂತಿದ್ದರು. ಮನೆ ಮುಂದೆ ನಿಲ್ಲಿಸಿದ ಕಾರು, ಮುಖಕ್ಕೆ ಫೋನಿನ ಬೆಳಕು ಮಾತ್ರ. ಅಮೆರಿಕದಲ್ಲಿ ಅವರಿಗೆ ರಾತ್ರಿ ಎಂಟು, ಇಲ್ಲಿ ನನಗೆ ಬೆಳಗ್ಗೆ ಆರೂವರೆ. "ಒಳಗೆ ಮಾತಾಡಿದ್ರೆ ಕೇಳಿಸುತ್ತೆ ಮೇಡಂ, ಅದಕ್ಕೆ ಇಲ್ಲಿ" ಅಂದರು. ಯಾರಿಗೆ ಕೇಳಿಸಬಾರದು ಅಂತ ನಾನು ಕೇಳಲಿಲ್ಲ. ಕಾಲು ಗಂಟೆಯಲ್ಲಿ ತಾನಾಗೇ ಬಂತು.

ವಿನುತಾ ಅಂತ ಕರೆಯೋಣ. ಹೆಸರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ, ಬರೆಯೋಕೆ ಅವರ ಒಪ್ಪಿಗೆಯೂ ಇದೆ. ವಯಸ್ಸು ಮೂವತ್ತಾರು. ಕರ್ನಾಟಕದಲ್ಲಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಓದಿ ಆರು ವರ್ಷ ಐಸಿಯು ವಾರ್ಡಿನಲ್ಲಿ ದುಡಿದವರು. ಮದುವೆಯಾದ ಮೇಲೆ ಗಂಡನ ಜೊತೆ ಎಚ್-4 ವೀಸಾದಲ್ಲಿ, ಅಂದ್ರೆ ಅಲ್ಲಿ ಕೆಲಸದ ವೀಸಾದಲ್ಲಿರುವವರ ಮನೆಯವರಿಗೆ ಕೊಡುವ ವೀಸಾದಲ್ಲಿ ಹೋದರು. ಎಚ್-4ನವರಲ್ಲಿ ಕೆಲವರಿಗೆ ಕೆಲಸದ ಅನುಮತಿ ಸಿಗೋದು 2015ರಿಂದ ಶುರುವಾಗಿದೆ, ಆದರೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತಕ್ಕೆ ಬಂದಿರಬೇಕು. ಇವರ ಕೈಗೆ ಕೆಲಸದ ಅನುಮತಿಯ ಕಾರ್ಡ್ ಬರುವ ಹೊತ್ತಿಗೆ ಮಗ ಶಾಲೆಗೆ ಹೋಗ್ತಿದ್ದ.

ಅಲ್ಲಿ ನರ್ಸ್ ಆಗಬೇಕಂದ್ರೆ ಇಲ್ಲಿನ ಓದಿನ ದಾಖಲೆಗಳ ಪರಿಶೀಲನೆ ಆಗಬೇಕು, ಇಂಗ್ಲಿಷ್ ಪರೀಕ್ಷೆ, ಆಮೇಲೆ ಎನ್‌ಕ್ಲೆಕ್ಸ್ ಅನ್ನೋ ನರ್ಸ್ ಲೈಸೆನ್ಸ್ ಪರೀಕ್ಷೆ. ಹಳೇ ಕಾಲೇಜಿನಿಂದ ಒಂದು ಕಾಗದ ತರಿಸೋಕೇ ತಿಂಗಳುಗಟ್ಟಲೆ ಆಯ್ತಂತೆ. ಅಷ್ಟರೊಳಗೆ ಏನಾದ್ರೂ ಮಾಡೋಣ ಅಂತ ಸಂಜೆ ಕ್ಲಾಸಿನ ಒಂದು ಚಿಕ್ಕ ಕೋರ್ಸ್ ಸೇರಿ, ಮೆಡಿಕಲ್ ಅಸಿಸ್ಟೆಂಟ್ ಪರೀಕ್ಷೆಗೆ ಕೂತರು. ಮೆಡಿಕಲ್ ಅಸಿಸ್ಟೆಂಟ್ ಅಂದ್ರೆ ಅಲ್ಲಿನ ಕ್ಲಿನಿಕ್‌ಗಳಲ್ಲಿ ಬಿಪಿ ನೋಡೋದು, ರಕ್ತ ತೆಗೆಯೋದು, ಇಸಿಜಿ ಹಾಕೋದು, ಇಂಜೆಕ್ಷನ್ ಕೊಡೋದು, ಅದರ ಜೊತೆಗೇ ಅಪಾಯಿಂಟ್‌ಮೆಂಟ್, ಇನ್ಶೂರೆನ್ಸ್ ಕೆಲಸ ನೋಡಿಕೊಳ್ಳೋದು. ನಮ್ಮಲ್ಲಿ ಇದಕ್ಕೆ ಸರಿಸಮನಾದ ಹುದ್ದೆ ಇಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಕಾನೂನು ಸರ್ಟಿಫಿಕೇಟ್ ಕೇಳೋದಿಲ್ಲ, ಕೆಲಸ ಕೊಡೋರು ಕೇಳ್ತಾರೆ. ವಾಷಿಂಗ್ಟನ್ ರಾಜ್ಯದಂಥ ಕಡೆ ಸರ್ಕಾರವೇ ಕೇಳುತ್ತೆ.

ಪರೀಕ್ಷೆಗಳೂ ಒಂದಲ್ಲ. ಮೆಡಿಕಲ್ ಅಸಿಸ್ಟೆಂಟ್‌ಗಳ ಸಂಘವಾದ ಎಎಎಂಎ ನಡೆಸುವ ಸಿಎಂಎ ಪರೀಕ್ಷೆ ಹಳೇದು, ಅದಕ್ಕೆ ಮುಖ್ಯವಾಗಿ ಮಾನ್ಯತೆ ಪಡೆದ ನಿರ್ದಿಷ್ಟ ಕೋರ್ಸ್ ಮುಗಿಸಿರಬೇಕು. ವಿನುತಾ ಅವರ ಕೋರ್ಸ್ ಅದಕ್ಕೆ ಸಾಲದು. ಹಾಗಾಗಿ ಎನ್‌ಎಚ್‌ಎ ಅನ್ನೋ ಇನ್ನೊಂದು ಸಂಸ್ಥೆ ನಡೆಸುವ ಸಿಸಿಎಂಎ ಬರೆದರು. ಮೂರು ಗಂಟೆ, 180 ಪ್ರಶ್ನೆ. ಅಂಕ 200ರಿಂದ 500ರವರೆಗಿನ ಅಳತೆಯಲ್ಲಿ ಬರುತ್ತೆ, ಪಾಸಾಗೋಕೆ 390 ಬೇಕು. ಇವರಿಗೆ ಬಂದಿದ್ದು 376.

ಅದನ್ನ ಯಾರಿಗೂ ಹೇಳಿರಲಿಲ್ಲ. ಗಂಡನಿಗೆ "ರಿಸಲ್ಟ್ ಇನ್ನೂ ಬಂದಿಲ್ಲ" ಅಂದು ಹನ್ನೆರಡು ದಿನ ಆಗಿತ್ತು. ಅಮ್ಮನ ಫೋನ್ ಎತ್ತುತ್ತಿರಲಿಲ್ಲ. "ಆರು ವರ್ಷ ಐಸಿಯು ನೋಡಿದವಳು ನಾನು, ಬಿಪಿ ನೋಡೋ ಪರೀಕ್ಷೇಲಿ ಫೇಲಾದೆ ಅಂತ ಹೇಗೆ ಹೇಳಲಿ ಮೇಡಂ?" ಈ ಮಾತು ಹೇಳುವಾಗ ಅಳಲಿಲ್ಲ, ನಕ್ಕರು. ನನಗೆ ಆ ನಗುವೇ ಜಾಸ್ತಿ ಚಿಂತೆ ತಂದಿತು. ನಿದ್ದೆ ಹೇಗಿದೆ, ಊಟ ಸೇರುತ್ತಾ, ಬದುಕಿದ್ದೇನು ಪ್ರಯೋಜನ ಅನ್ನಿಸಿದ್ದಿದೆಯಾ ಅಂತ ನೇರವಾಗಿ ಕೇಳಿದೆ. ನಿದ್ದೆ ಕೆಟ್ಟಿತ್ತು, ಉಳಿದಿದ್ದು ಪರವಾಗಿಲ್ಲ. ಸಾಯುವ ಯೋಚನೆ ಇರಲಿಲ್ಲ. ಇದ್ದಿದ್ದರೆ ಪರೀಕ್ಷೆಯ ಮಾತು ಅಲ್ಲಿಗೇ ಬಿಟ್ಟು ಅಲ್ಲಿನ ಡಾಕ್ಟರ್ ಹತ್ತಿರ ಕಳಿಸುತ್ತಿದ್ದೆ.

ಇಲ್ಲಿ ನನ್ನದೊಂದು ತಪ್ಪು ಹೇಳಿಬಿಡ್ತೀನಿ. ಇದು ಪರೀಕ್ಷೆಯ ಭಯ ಅಂತ ನಾನು ಮೊದಲ ದಿನವೇ ತೀರ್ಮಾನಿಸಿಬಿಟ್ಟೆ. ಎರಡು ಭೇಟಿ ಪೂರ್ತಿ ಉಸಿರಾಟ, ಮೈ ಸಡಿಲ ಬಿಡೋದು, ಮಲಗುವ ಮುಂಚೆ ಫೋನ್ ದೂರ ಇಡೋದು ಅಂತಲೇ ಕಳೆದೆ. ಆಕೆ ಎಲ್ಲ ಮಾಡಿದರು, ಶಿಸ್ತಿನವರು ಅಲ್ವಾ. ನಿದ್ದೆ ಸ್ವಲ್ಪ ಸುಧಾರಿಸಿತು. ಅಭ್ಯಾಸ ಪರೀಕ್ಷೆಗಳಲ್ಲಿ ಅಂಕ ಮಾತ್ರ ಒಂದು ಚೂರೂ ಏರಲಿಲ್ಲ. ಆಗ ನನಗೂ ಅನುಮಾನ ಬಂತು. ಮೂರನೇ ಭೇಟಿಯಲ್ಲಿ "ನೀವು ತಪ್ಪು ಮಾಡಿದ ಪ್ರಶ್ನೆಗಳನ್ನೇ ಓದಿ ಹೇಳಿ, ನನಗೆ ಈ ವಿಷಯ ಗೊತ್ತಿಲ್ಲ, ನನಗೆ ಅರ್ಥ ಆಗೋ ಹಾಗೆ ಹೇಳಿ" ಅಂದೆ.

ಒಂದು ಪ್ರಶ್ನೆ ಹೀಗಿತ್ತು: ರೋಗಿ ಫೋನ್ ಮಾಡಿ, ನಿನ್ನೆಯ ರಕ್ತ ಪರೀಕ್ಷೆಯ ರಿಪೋರ್ಟ್ ಆನ್‌ಲೈನಿನಲ್ಲಿ ಬಂದಿದೆ, ಇದು ನಾರ್ಮಲ್ಲಾ ಅಂತ ಕೇಳ್ತಾರೆ. ವಿನುತಾ ಆರಿಸಿದ ಉತ್ತರ, ಸಂಖ್ಯೆ ನೋಡಿ ಗಾಬರಿಯಾಗಬೇಡಿ ಅಂತ ಸಮಾಧಾನ ಹೇಳೋದು. ಸರಿಯುತ್ತರ, ಡಾಕ್ಟರ್‌ಗೆ ತಿಳಿಸಿ ಅವರಿಂದ ಉತ್ತರ ಕೊಡಿಸೋದು. ಇನ್ನೊಂದರಲ್ಲಿ, ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮುಂಚೆ ರೋಗಿ ಅಪಾಯ ಏನು ಅಂತ ಕೇಳ್ತಾರೆ. ಇವರು ಚೆನ್ನಾಗಿ ವಿವರಿಸಿಬಿಟ್ಟರು. ಮೆಡಿಕಲ್ ಅಸಿಸ್ಟೆಂಟ್ ಸಹಿಗೆ ಸಾಕ್ಷಿ ನಿಲ್ಲಬಹುದು, ಅಪಾಯ ವಿವರಿಸೋದು ಡಾಕ್ಟರ್ ಕೆಲಸ. ಮೂರನೆಯದರಲ್ಲಿ, ಕಾಯುವ ಜಾಗದಲ್ಲಿ ಕೂತವರಿಗೆ ಎದೆ ಹಿಡಿದುಕೊಂಡಿದೆ. ಇವರು ಆಗಲೇ ಹಳೇ ಕಾಯಿಲೆಗಳ ಬಗ್ಗೆ ವಿಚಾರಿಸೋಕೆ ಕೂತಿದ್ದರು, ಮೊದಲು ಮಾಡಬೇಕಾದ್ದು ತಕ್ಷಣ ಡಾಕ್ಟರ್‌ಗೆ ತಿಳಿಸೋದು.

ನಾಲ್ಕನೇ ಪ್ರಶ್ನೆ ಓದುತ್ತಾ ಆಕೆಯೇ ನಿಂತರು. "ಅಯ್ಯೋ, ನಾನು ನರ್ಸ್ ಆಗಿ ಉತ್ತರ ಕೊಡ್ತಿದ್ದೀನಿ ಅಲ್ವಾ?"

ಮೆಡಿಕಲ್ ಅಸಿಸ್ಟೆಂಟ್‌ಗೆ ರೋಗ ನಿರ್ಧರಿಸೋ, ರಿಪೋರ್ಟ್ ಅರ್ಥೈಸೋ, ಔಷಧಿ ತಾನಾಗೇ ಬದಲಿಸೋ ಅಧಿಕಾರ ಇಲ್ಲ. ಆ ಗೆರೆ ಗೊತ್ತಿದೆಯಾ ಅಂತ ಪರೀಕ್ಷೆ ಮತ್ತೆ ಮತ್ತೆ ಕೇಳುತ್ತೆ. ಗೊತ್ತಿಲ್ಲದವರು ಓದಿ ಕಲಿಯುತ್ತಾರೆ. ಇವರಿಗೆ ಗೊತ್ತಿದ್ದಿದ್ದೇ ಅಡ್ಡ ಬರುತ್ತಿತ್ತು, ಮತ್ತೆ ಅದರ ಕೆಳಗೆ ಒಂದು ಸಿಟ್ಟೂ ಇತ್ತು. ಆ ಸಿಟ್ಟನ್ನ ಆಕೆ ಹೆಸರು ಹಿಡಿದು ಹೇಳೋಕೆ ಇನ್ನೊಂದು ವಾರ ಬೇಕಾಯ್ತು: ಪ್ರತಿ ಸಲ "ಡಾಕ್ಟರ್‌ಗೆ ತಿಳಿಸಿ" ಅನ್ನೋ ಉತ್ತರ ಒತ್ತುವಾಗ, ತನ್ನ ಆರು ವರ್ಷ ಸುಳ್ಳು ಅಂತ ತಾನೇ ಸಹಿ ಹಾಕಿದ ಹಾಗೆ ಅನ್ನಿಸುತ್ತಿತ್ತಂತೆ. ಉಸಿರಾಟದ ಅಭ್ಯಾಸ ಅದಕ್ಕೆ ಏನು ಮಾಡೀತು.

ನಾನು ಹೇಳಿದ್ದು ಹೆಚ್ಚುಕಮ್ಮಿ ಇಷ್ಟು.

"ನೀವು ಕೆಳಗಿಳಿದಿದ್ದೀರಿ ಅನ್ನೋದು ನಿಮಗೆ ನಿಜ ಅನ್ನಿಸಿದ್ರೆ ನಾನು ಇಲ್ಲ ಅಂತ ವಾದ ಮಾಡಲ್ಲ. ಬೇಜಾರಾಗೋ ವಿಷಯವೇ. ಅದಕ್ಕೊಂದು ಹಾಳೆ ಇಡಿ. ಎನ್‌ಕ್ಲೆಕ್ಸ್, ಊರು, ಕಳೆದ ವರ್ಷಗಳು, ಏನು ಮನಸ್ಸಿಗೆ ಬರುತ್ತೋ ಅದರಲ್ಲಿ ಬರೀರಿ. ಓದೋ ಪುಸ್ತಕದ ಹತ್ತಿರ ಆ ಹಾಳೆ ಬೇಡ. ನರ್ಸ್ ಆಗಬೇಕಾ ಬೇಡವಾ ಅನ್ನೋ ನಿರ್ಧಾರ ಈ ಪರೀಕ್ಷೆ ಮುಗಿಯೋವರೆಗೆ ತಗೋಬೇಡಿ, ಆಗ್ತೀನಿ ಅಂತಾನೂ ಅಲ್ಲ ಆಗಲ್ಲ ಅಂತಾನೂ ಅಲ್ಲ, ಸುಮ್ನೆ ಮುಂದಕ್ಕೆ ಹಾಕಿ.

"ತಪ್ಪುಗಳಿಗೆ ಒಂದು ನೋಟ್‌ಬುಕ್ ಮಾಡಿ. ಪ್ರತಿ ತಪ್ಪಿನ ಮುಂದೆ ಮೂರರಲ್ಲಿ ಒಂದು ಬರೀರಿ: ಗೊತ್ತಿರಲಿಲ್ಲ, ಅವಸರ, ನರ್ಸ್. ಪ್ರಶ್ನೆ ಓದಿದ ತಕ್ಷಣ ಉತ್ತರ ನೋಡೋ ಮುಂಚೆ ಒಂದೇ ಮಾತು ಕೇಳಿಕೊಳ್ಳಿ, ಇದು ನಾನು ಮಾಡೋ ಕೆಲಸವಾ, ತಿಳಿಸೋ ಕೆಲಸವಾ?

"ಇವತ್ತು ರಾತ್ರಿ ಯಜಮಾನರಿಗೆ ಹೇಳಿ. ಕಾರಿನಲ್ಲಿ ಕೂತು ಓದೋಕಾಗಲ್ಲ."

ಕೊನೆಯದಕ್ಕೆ ಬಹಳ ಹಿಂಜರಿದರು. ಹೇಳಿದ ಮೇಲೆ ಏನಾಯ್ತು ಅಂತ ಮುಂದಿನ ವಾರ ಕೇಳಿದರೆ, ಈ ಸಲ ನಿಜವಾಗಿ ನಕ್ಕರು. ಗಂಡ ಸ್ಕೋರ್ ನೋಡಿ, "500ಕ್ಕೆ 376 ಅಂದ್ರೆ ಎಪ್ಪತ್ತೈದು ಪರ್ಸೆಂಟ್, ಫಸ್ಟ್ ಕ್ಲಾಸ್ ಅಲ್ವೇನೇ, ಇದರಲ್ಲಿ ಫೇಲ್ ಎಲ್ಲಿ ಬಂತು?" ಅಂದರಂತೆ. ಮೂವತ್ತೈದಕ್ಕೆ ಪಾಸು ಅಂತ ಕಲಿತ ನಮಗೆ ಈ ಲೆಕ್ಕ ಅರ್ಥ ಆಗೋದೇ ಕಷ್ಟ. ಇದು ಪರ್ಸೆಂಟ್ ಅಲ್ಲ, ಅಳತೆ 200ರಿಂದಲೇ ಶುರು. ಪ್ರಶ್ನೆಪತ್ರಿಕೆ ಒಬ್ಬರಿಗೆ ಸುಲಭ, ಇನ್ನೊಬ್ಬರಿಗೆ ಕಷ್ಟ ಬಂದರೂ ತೂಕ ಒಂದೇ ಇರಲಿ ಅಂತ ಹಾಗೆ ಹೊಂದಿಸುತ್ತಾರೆ. ಎಷ್ಟು ಸರಿಯಾಯ್ತು ಅಂತ 376ರಿಂದ ನೇರವಾಗಿ ಲೆಕ್ಕ ಹಾಕೋಕೆ ಬರಲ್ಲ. ಆದರೆ ಆ ರಾತ್ರಿ ಅವರ ಮನೆಯಲ್ಲಿ ಫಸ್ಟ್ ಕ್ಲಾಸ್ ಅಂತಲೇ ಇತ್ಯರ್ಥವಾಯ್ತು. ನಾನು ತಿದ್ದಲು ಹೋಗಲಿಲ್ಲ.

ಮೊದಲ ಸಲ ಫೇಲಾದರೆ 30 ದಿನ ಕಾಯಬೇಕು, ಫೀಸು ಮತ್ತೆ ಕಟ್ಟಬೇಕು. ಮೂರು ಸಲ ಫೇಲಾದರೆ ಒಂದು ವರ್ಷ ಕಾಯಬೇಕು. ಅವರು 30ನೇ ದಿನಕ್ಕೇ ಬುಕ್ ಮಾಡೋ ತರಾತುರಿಯಲ್ಲಿದ್ದರು, ಇನ್ನೂ ಮೂರು ವಾರ ಜಾಸ್ತಿ ತಗೊಳ್ಳಿ ಅಂದೆ. ಹತ್ತು ದಿನದ ನೋಟ್‌ಬುಕ್ ತೋರಿಸಿದಾಗ 47 ತಪ್ಪಿನಲ್ಲಿ 26ರ ಮುಂದೆ "ನರ್ಸ್" ಅಂತಿತ್ತು. "ಗೊತ್ತಿರಲಿಲ್ಲ" ಬರೀ 12. ಇದನ್ನ ನೋಡಿದ ಮೇಲೆ ಇಡೀ ಪುಸ್ತಕ ಮತ್ತೆ ಓದೋ ಯೋಚನೆಯನ್ನ ಅವರೇ ಕೈಬಿಟ್ಟರು.

ಆ ಹನ್ನೆರಡರಲ್ಲಿ ಹೆಚ್ಚಿನವು ರಕ್ತ ತುಂಬುವ ಟ್ಯೂಬ್‌ಗಳ ಕ್ರಮದ್ದು. ಪುಸ್ತಕದ ಆ ಪುಟ ಪೂರ್ತಿ ಹಳದಿ ಬಣ್ಣ ಬಳಿದಿದ್ದರು, ಓದಿದಾಗೆಲ್ಲ ಗೊತ್ತು ಅನ್ನಿಸುತ್ತಿತ್ತು, ಕೇಳಿದರೆ ಬರುತ್ತಿರಲಿಲ್ಲ. ಪುಸ್ತಕ ಮುಚ್ಚಿ ಖಾಲಿ ಹಾಳೆ ಮೇಲೆ ಬರೀರಿ, ಇವತ್ತು, ನಾಳೆ, ಆಮೇಲೆ ನಾಲ್ಕು ದಿನ ಬಿಟ್ಟು, ಪಕ್ಕದಲ್ಲಿ ಕಾರಣ ಬರೀರಿ ಅಂದೆ. ಮೊದಲು ಬ್ಲಡ್ ಕಲ್ಚರ್ ಬಾಟಲಿ, ಆಮೇಲೆ ಮುಚ್ಚಳದ ಬಣ್ಣದ ಲೆಕ್ಕದಲ್ಲಿ ತಿಳಿನೀಲಿ, ಕೆಂಪು ಇಲ್ಲಾ ಗೋಲ್ಡ್, ಹಸಿರು, ಲ್ಯಾವೆಂಡರ್, ಬೂದು. ಲ್ಯಾವೆಂಡರ್ ಯಾಕೆ ಹಿಂದೆ ಅಂದ್ರೆ ಅದರಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕಿರೋ ಇಡಿಟಿಎ ಮುಂದಿನ ಟ್ಯೂಬಿಗೆ ಸ್ವಲ್ಪ ಹೋದರೂ ಪೊಟ್ಯಾಸಿಯಂ ಸುಳ್ಳು ಸುಳ್ಳೇ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ತೋರಿಸುತ್ತೆ. ಕಾರಣ ಹಿಡಿದ ಮೇಲೆ ಕ್ರಮ ಮರೆಯಲಿಲ್ಲ. ನನಗೂ ಬಾಯಿಪಾಠ ಆಗಿಹೋಯ್ತು, ಯಾವ ಉಪಯೋಗಕ್ಕೋ ಗೊತ್ತಿಲ್ಲ. ತೂಕ ಪೌಂಡಿನಿಂದ ಕಿಲೋಗೆ ತರೋದಕ್ಕೆ 2.2ರಿಂದ ಭಾಗಿಸೋದನ್ನೂ ಹೀಗೇ ಕೈಯಲ್ಲಿ ಮಾಡಿಸಿದೆ. ಜ್ವರ ನಾವೂ ಫ್ಯಾರನ್‌ಹೀಟಿನಲ್ಲೇ ಹೇಳೋದು, ಅಲ್ಲಿ ಮಾತ್ರ ಅವರಿಗೆ ತಕರಾರಿರಲಿಲ್ಲ.

ಪರೀಕ್ಷೆ ಮನೆಯಿಂದಲೂ ಬರೆಯಬಹುದು, ಕ್ಯಾಮೆರಾದಲ್ಲಿ ನೋಡ್ತಿರ್ತಾರೆ, ಕೋಣೆಗೆ ಬೇರೆ ಯಾರೂ ಬರಬಾರದು. ಮೊದಲ ಸಲ ಹಾಗೇ ಬರೆದಿದ್ದರು, ಮೂರು ಗಂಟೆಯೂ ಕಿವಿ ಬಾಗಿಲ ಕಡೆಗೇ ಇತ್ತಂತೆ, ಮಗ ತಟ್ಟಿಬಿಟ್ಟರೆ ಅಂತ. ಈ ಸಲ ಸೆಂಟರ್‌ಗೇ ಹೋಗಿ ಅಂದೆ. ಹೆಸರಿನ ವಿಷಯವೂ ನೋಡಿಕೊಳ್ಳಿ ಅಂದೆ, ಯಾಕಂದ್ರೆ ನಮ್ಮ ಇನಿಷಿಯಲ್, ಅಪ್ಪನ ಹೆಸರು, ಗಂಡನ ಹೆಸರಿನ ಗೋಜಲಿನಲ್ಲಿ ಗುರುತಿನ ಚೀಟಿಯಲ್ಲೊಂದು ಅರ್ಜಿಯಲ್ಲೊಂದು ಆಗಿಬಿಡುತ್ತೆ, ಎರಡೂ ಒಂದೇ ಇರದಿದ್ದರೆ ಬಾಗಿಲಲ್ಲೇ ತಡೀತಾರೆ. ನೋಡಿದರೆ ಅರ್ಜಿಯಲ್ಲಿ ಕೊನೇ ಹೆಸರು ಬೇರೆಯೇ ಇತ್ತು, ಮೊದಲೇ ಬರೆದು ಸರಿಮಾಡಿಸಿದರು.

ಇನ್ನೊಂದು ಹಳೇ ಗಾಯ ಇತ್ತು. ಮೊದಲ ಸಲ ಎಂದೂ ಕೇಳಿರದ ಒಂದು ಪ್ರಶ್ನೆ ಬಂದು ಅದರಲ್ಲೇ ಆರು ನಿಮಿಷ ಕಳೆದಿದ್ದರಂತೆ. 180ರಲ್ಲಿ 30 ಪ್ರಶ್ನೆ ಮುಂದಿನ ಪರೀಕ್ಷೆಗಳಿಗೆ ಪ್ರಯೋಗಕ್ಕೆ ಹಾಕಿದವು, ಅವಕ್ಕೆ ಅಂಕವೇ ಇಲ್ಲ, ಯಾವುವು ಅಂತ ಹೇಳೋದೂ ಇಲ್ಲ. ನಿಮಿಷಕ್ಕೊಂದು ಪ್ರಶ್ನೆಯ ಲೆಕ್ಕ. ವಿಚಿತ್ರ ಅನ್ನಿಸಿದ್ದಕ್ಕೆ ಒಂದು ಉತ್ತರ ಒತ್ತಿ, ಗುರುತು ಹಾಕಿ, ಮುಂದೆ ಹೋಗಿ, ಕೊನೆಗೆ ಸಮಯ ಉಳಿದರೆ ನೋಡಿ ಅಂದೆ. ಎರಡು ಶನಿವಾರ ಪರೀಕ್ಷೆಯ ಹೊತ್ತಿಗೇ ಪೂರ್ತಿ 180 ಪ್ರಶ್ನೆ ಒಂದೇ ಸಲ ಕೂತು ಮಾಡಿದರು. ಮಗನನ್ನ ಗಂಡ ಪಾರ್ಕಿಗೆ ಕರೆದುಕೊಂಡು ಹೋದರು. ಈ ಒಂದು ವ್ಯವಸ್ಥೆ ನನ್ನ ಎಲ್ಲ ಸಲಹೆಗಿಂತ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅನಿಸಿಕೆ.

ಎರಡನೇ ಸಲ 421.

ಈಗ ಒಂದು ಮಕ್ಕಳ ಕ್ಲಿನಿಕ್‌ನಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ನವೀಕರಿಸಬೇಕು, ಅದಕ್ಕೆ ಮುಂದುವರಿದ ಕಲಿಕೆಯ 10 ಕ್ರೆಡಿಟ್ ಬೇಕು, ಅದೆಲ್ಲ ದೊಡ್ಡ ವಿಷಯವಲ್ಲ. ಬೇಜಾರಿನ ಹಾಳೆ ಎಲ್ಲಿದೆ ಅಂತ ಕೊನೆಯ ಭೇಟಿಯಲ್ಲಿ ಕೇಳಿದೆ. "ಇದೆ ಮೇಡಂ, ನಾಲ್ಕು ಪುಟ ಆಗಿದೆ" ಅಂದರು. ಅಮ್ಮ ಫೋನಿನಲ್ಲಿ "ಅಂತೂ ನರ್ಸ್ ಆದ್ಯಲ್ಲ ಮಗಳೇ" ಅಂದಿದ್ದಾರೆ. ಅಲ್ಲ ಅಂತ ಇನ್ನೂ ಹೇಳಿಲ್ಲ. ಹೇಳಬೇಕಾ ಅಂತ ನನ್ನ ಕೇಳಿದರು. ಈ ಸಲ ಮನೆಯೊಳಗೆ, ಅಡುಗೆಮನೆಯಲ್ಲಿ ಕೂತು ಮಾತಾಡುತ್ತಿದ್ದರು, ಹಿಂದೆ ಗಂಡ ಪಾತ್ರೆ ತೊಳೀತಿದ್ದರು. ನಾನು ಉತ್ತರ ಹೇಳೋ ಮುಂಚೆ ಗಂಡನೇ ನಲ್ಲಿ ನಿಲ್ಲಿಸಿ, "ಮುಂದಿನ ವರ್ಷದವರೆಗೆ ಹಾಗೇ ಇರಲಿ ಬಿಡಿ, ನರ್ಸಿಂಗ್ ಕಾಲೇಜಿನ ಪೇಪರ್ ಎಲ್ಲ ಬಂದಿದೆ" ಅಂದರು.