ಆ ಕುರ್ಚಿಗೆ ಗಾಲಿ ಇರಲಿ, ಮಾಸ್ತರೇ

ಕಾರಟಗಿ ಹತ್ತಿರದ ನಿವೃತ್ತ ಮಾಸ್ತರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅವರು, ಇಬ್ಬರು ರೈಸ್‌ಮಿಲ್ ಮಾಲೀಕರು, ಒಬ್ಬ ವಕೀಲರು ಸೇರಿ ಟ್ರಸ್ಟ್ ಮಾಡಿಕೊಂಡಿದ್ದಾರೆ. ಬೆನ್ನುಹುರಿಗೆ ಪೆಟ್ಟಾದವರಿಗಾಗಿ ಹತ್ತು ಹಾಸಿಗೆಯ ಒಂದು ಕೇಂದ್ರ ತೆರೆಯುತ್ತಾರಂತೆ. ಲಾಭದ ಮಾತಿಲ್ಲ, ಬಡವರಿಗೇ ಮೊದಲು. ಅದನ್ನು ಯಾರು ನಡೆಸಬೇಕು ಅನ್ನುವಲ್ಲಿ ಮಾತು ನಿಂತಿದೆ. ಒಬ್ಬ ಹುಡುಗನ ಹೆಸರು ಬಂದಿದೆ. ಅವನು ಹಮಾಲಿ ಮಾಡುತ್ತಿದ್ದವನು. ಎಂಟು ವರ್ಷದ ಹಿಂದೆ ಲಾರಿಯಿಂದ ಭತ್ತದ ಚೀಲ ಬೆನ್ನ ಮೇಲೆ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಈಗ ವೀಲ್‌ಚೇರ್‌ನಲ್ಲಿ ಊರೂರು ತಿರುಗಿ ತನ್ನಂಥವರನ್ನು ಹುಡುಕುತ್ತಾನೆ. ಮಾಸ್ತರು ಕೇಳುತ್ತಾರೆ: “ಅವನ ಮೇಲೆ ನಮಗೆಲ್ಲ ಕನಿಕರ ಇದೆ. ಆದರೆ ತನಗೇ ಇನ್ನೊಬ್ಬರ ಆಸರೆ ಬೇಕಾದವನು ಸಂಸ್ಥೆ ನಡೆಸುವುದು ಹೇಗೆ? ದೊಡ್ಡ ಡಾಕ್ಟರೋ ನಿವೃತ್ತ ಅಧಿಕಾರಿಯೋ ಮುಖ್ಯಸ್ಥರಾದರೆ ದಾನಿಗಳಿಗೂ ನಂಬಿಕೆ ಬರುತ್ತದೆ, ಅಲ್ಲವೇ?”

ಮಾಸ್ತರೇ, ಮೊದಲು ಒಂದು ಮಾತು. ನಮ್ಮ ಕಡೆ ಇಂಥ ಕೇಂದ್ರ ಬೇಕು ಅಂತ ನಿಮಗೆ ಹೊಳೆದಿದೆಯಲ್ಲ, ಅದಕ್ಕೇ ನಿಮಗೆ ಕೈ ಮುಗಿಯಬೇಕು. ಡಾಕ್ಟರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗ ಶುರು ಮಾಡಿದ ಲುಡ್ವಿಗ್ ಗುಟ್ಮನ್ ಡಾಕ್ಟರೇ. ಅಲ್ಲಿಯವರೆಗೆ ಬೆನ್ನುಹುರಿಗೆ ಪೆಟ್ಟಾದ ಸೈನಿಕರು ಹುಣ್ಣಿನಿಂದ, ಮೂತ್ರದ ಸೋಂಕಿನಿಂದ ಸಾಯುತ್ತಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಹಟ ಹಿಡಿದು ಅವರನ್ನು ಬದುಕಿಸಿದವರು ಅವರು. 1948ರಲ್ಲಿ ಹದಿನಾರು ಜನರ ಕೈಗೆ ಬಿಲ್ಲು ಬಾಣ ಕೊಟ್ಟು ಸ್ಪರ್ಧೆ ನಡೆಸಿದರು, ಅದೇ ಮುಂದೆ ಪ್ಯಾರಾಲಿಂಪಿಕ್ಸ್‌ಗೆ ದಾರಿಯಾಯಿತು.

ಆದರೆ ನಮ್ಮ ದೇಶದ ಕಡೆ ತಿರುಗಿ ನೋಡಿ. ದೆಹಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಕಟ್ಟಿದವರು ಯಾರು? ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ. 1965ರ ಮೇ ತಿಂಗಳಲ್ಲಿ ಎವರೆಸ್ಟ್ ಹತ್ತಿದವರು, ಅದೇ ವರ್ಷ ಯುದ್ಧದಲ್ಲಿ ಗುಂಡು ತಗುಲಿ ವೀಲ್‌ಚೇರ್‌ಗೆ ಬಂದರು. ತಮಿಳುನಾಡಿನ ಆಯಿಕ್ಕುಡಿ ಅನ್ನುವ ಹಳ್ಳಿಯಲ್ಲಿ 1981ರಲ್ಲಿ ಅಮರ್ ಸೇವಾ ಸಂಗಮ್ ಶುರು ಮಾಡಿದ ಎಸ್. ರಾಮಕೃಷ್ಣನ್ ನೌಕಾಪಡೆಯ ಆಯ್ಕೆ ಪರೀಕ್ಷೆಯಲ್ಲಿ ಬಿದ್ದು ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡವರು. ಆ ಪರೀಕ್ಷೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಕಾರಟಗಿಯಂಥ ಊರಲ್ಲಿ ಇದೆಲ್ಲ ಆಗುತ್ತಾ ಅಂತ ಅನುಮಾನ ಪಡುವವರಿಗೆ ನಾನು ದೆಹಲಿಗಿಂತ ಆಯಿಕ್ಕುಡಿಯನ್ನೇ ತೋರಿಸುತ್ತೇನೆ. ಲೆಕ್ಕಪತ್ರ ಯಾರು ನೋಡುತ್ತಾರೆ ಅಂತ ನೀವು ಕೇಳಬಹುದು. ಅಲ್ಲಿ ಅವರ ಜೊತೆಗೂಡಿದ ಶಂಕರರಾಮನ್ ಚಾರ್ಟರ್ಡ್ ಅಕೌಂಟೆಂಟ್, ಸ್ನಾಯು ಕ್ಷೀಣಿಸುವ ಕಾಯಿಲೆಯಿಂದ ಅವರೂ ವೀಲ್‌ಚೇರ್‌ನಲ್ಲೇ ಇರುವವರು. ಅಂಗವಿಕಲರಿಗಾಗಿ ದುಡಿಯುವ ಬೆಂಗಳೂರಿನ ಎಪಿಡಿ ಸಂಸ್ಥೆಯನ್ನು 1959ರಲ್ಲಿ ಶುರು ಮಾಡಿದ ಎನ್.ಎಸ್. ಹೇಮಾ ಅವರಿಗೆ ಪೋಲಿಯೋ ಆಗಿತ್ತು.

ಡಾಕ್ಟರೇ ಬೇಕು ಅಂದರೆ ವೆಲ್ಲೂರಿನಲ್ಲಿ ಮೇರಿ ವರ್ಗೀಸ್ ಇದ್ದರಲ್ಲ. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಮೇಲೆ ವೀಲ್‌ಚೇರ್‌ನಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು. 1966ರಲ್ಲಿ ಅಲ್ಲಿ ತೆರೆದ ಪುನರ್ವಸತಿ ಸಂಸ್ಥೆಯನ್ನು ಮುನ್ನಡೆಸಿದವರು ಅವರೇ. ಇವರಲ್ಲಿ ಯಾರಿಗೆ ಇನ್ನೊಬ್ಬರ ಆಸರೆ ಬೇಡವಾಗಿತ್ತು ಹೇಳಿ?

ನನ್ನ ಮನೆಯದೇ ಒಂದು ಮಾತು ಹೇಳುತ್ತೇನೆ. ನಮ್ಮ ದೊಡ್ಡಪ್ಪನ ಮಗ ಕುಷ್ಟಗಿ ಕಡೆಯ ಹಳ್ಳಿಯಲ್ಲಿರುತ್ತಾನೆ. ಬೇಸಿಗೆಯಲ್ಲಿ ನಮ್ಮ ಕಡೆ ಮಾಳಿಗೆ ಮೇಲೆ ಮಲಗುವುದು ನಿಮಗೆ ಗೊತ್ತೇ ಇದೆ. ನಿದ್ದೆಗಣ್ಣಲ್ಲಿ ಎದ್ದವನು ಅಂಚು ಕಾಣದೆ ಕೆಳಗೆ ಬಿದ್ದ. ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಟಂಟಂನಲ್ಲಿ ಹಾಕಿಕೊಂಡು ಹೋದರು. ಹಾಗೆ ಎತ್ತಬಾರದು, ಬೆನ್ನು ಕುತ್ತಿಗೆ ಒಂದಿಷ್ಟೂ ಬಾಗದ ಹಾಗೆ ಹಲಗೆ ಮೇಲೆ ಹೊರಳಿಸಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಆಪರೇಷನ್ ಆಯಿತು. “ಚೆನ್ನಾಗಿ ಆಗಿದೆ, ಕರೆದುಕೊಂಡು ಹೋಗಿ” ಅಂದರು. ಅಷ್ಟೇ. ಮಗ್ಗುಲು ಬದಲಿಸುವುದನ್ನು ಹೇಳಿಕೊಡಲಿಲ್ಲ, ಮೂತ್ರ ತೆಗೆಯುವ ಪೈಪಿನ ವಿಷಯ ಹೇಳಲಿಲ್ಲ. ಒಂದೂವರೆ ತಿಂಗಳಲ್ಲಿ ಬೆನ್ನ ಬುಡದಲ್ಲಿ ಮುಷ್ಟಿ ಹಿಡಿಸುವಷ್ಟು ಹುಣ್ಣು. ದೊಡ್ಡವ್ವ ಅರಿಶಿನ ಹಚ್ಚುತ್ತಾ ಅಳುತ್ತಾ ಕೂತಿದ್ದಳು.

ಆಗ ಒಬ್ಬರು ಬಂದರು, ಅವರೂ ವೀಲ್‌ಚೇರ್‌ನವರೇ. ಅವರು ಮೊದಲು ಕೇಳಿದ್ದು ಒಂದು ಕನ್ನಡಿ. ಗಡ್ಡ ಕೆರೆಯುವ ಕನ್ನಡಿ ಇತ್ತು, ಅದನ್ನೇ ಕೊಟ್ಟೆವು. “ದಿನಾ ಎರಡು ಸಲ ನಿನ್ನ ಹಿಂಭಾಗ ನೀನೇ ನೋಡ್ಕೋ. ಕೆಂಪಾದರೆ ಅವತ್ತು ಆ ಮಗ್ಗುಲಿಗೆ ಮಲಗಬೇಡ” ಅಂದರು. ನಾಲ್ಕರಿಂದ ಆರು ಗಂಟೆಗೊಮ್ಮೆ ತಾನೇ ಕ್ಯಾಥೆಟರ್ ಅನ್ನುವ ಸಣ್ಣ ಪೈಪು ಹಾಕಿ ಮೂತ್ರ ತೆಗೆದುಕೊಳ್ಳುವುದನ್ನು ಕಲಿಸಿದರು. ಹಾಗೆ ಮಾಡದಿದ್ದರೆ ಕಿಡ್ನಿ ಹಾಳಾಗುತ್ತದೆ ಅಂತ ಬಿಡಿಸಿ ಹೇಳಿದರು. ಕುರ್ಚಿ ಮೇಲೆ ಕೂತಾಗ ಸ್ವಲ್ಪ ಸ್ವಲ್ಪ ಹೊತ್ತಿಗೆ ಕೈ ಊರಿ ಮೈ ಎತ್ತು ಅಂದರು. ಇನ್ನೊಂದು ವಿಷಯವನ್ನು ನಮ್ಮೆಲ್ಲರನ್ನೂ ಹೊರಗೆ ಕಳಿಸಿ ಮಾತಾಡಿದರು, ಅದು ಗಂಡ ಹೆಂಡತಿಯ ವಿಷಯ. ಅಣ್ಣ ಆವತ್ತು ರಾತ್ರಿ ಹೊಟ್ಟೆ ತುಂಬ ಊಟ ಮಾಡಿದ. ಅವನ ಹೆಂಡತಿ ಇವತ್ತಿಗೂ ಆ ದಿನವನ್ನು ನೆನೆಸುತ್ತಾಳೆ.

ಇಂಥವರು ಮುಖ್ಯಸ್ಥರಾದರೆ ದುಡ್ಡು ಹೋಗುವ ದಾರಿಯೇ ಬೇರೆಯಾಗುತ್ತದೆ. ಸಂಡಾಸದ ಬಾಗಿಲು ಎಷ್ಟು ಅಗಲ ಇರಬೇಕು, ಮಂಚದ ಎತ್ತರ ಕುರ್ಚಿಯ ಎತ್ತರಕ್ಕೆ ಸಮ ಇದೆಯಾ, ರಾತ್ರಿ ಮಗ್ಗುಲು ಬದಲಿಸಲು ಆಳು ಇದ್ದಾರಾ, ಇವೆಲ್ಲ ಅವರಿಗೆ ಕಟ್ಟಡದ ಕಮಾನಿಗಿಂತ ಮೊದಲು ಬರುತ್ತವೆ. ರಾಯಚೂರಿನ ಬೇಸಿಗೆಯನ್ನೇ ತಗೊಳ್ಳಿ. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾಗಿದ್ದರೆ ಅದರ ಕೆಳಗೆ ಮೈ ಸರಿಯಾಗಿ ಬೆವರುವುದಿಲ್ಲ, ಮೈ ಕಾದು ಜ್ವರದ ಹಾಗೆ ಏರುತ್ತದೆ. ಬಿಸಿಲಲ್ಲಿ ಕಾದ ಬಂಡೆ ಮೇಲೆ ಕೂರಿಸಿದರೆ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಖರ್ಚು ಜಾಸ್ತಿ ಅಂತ ಕೂಲರ್ ತೆಗೆದುಹಾಕುವ ಟ್ರಸ್ಟಿಗೆ ಅದು ಬರೀ ಆರಾಮದ ಸಾಮಾನು. ಆ ಹುಡುಗ ಅದನ್ನು ತೆಗೆಯಲು ಬಿಡುವುದಿಲ್ಲ.

ಇನ್ನು ಆ “ಕನಿಕರ” ಅನ್ನುವ ಮಾತು. ಕೋಪ ಮಾಡ್ಕೋಬೇಡಿ, ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಅದೇ. ನಾಲ್ವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನೀವು. ಕನಿಕರ ಇಟ್ಟುಕೊಂಡು ಹಿಂದಿನ ಬೆಂಚಿನಲ್ಲೇ ಕೂರಿಸಿದ ಹುಡುಗ ಯಾವತ್ತಾದರೂ ಮುಂದೆ ಬಂದದ್ದುಂಟೇ? ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಮೂರೂ ಜಿಲ್ಲೆಗಳಲ್ಲಿ ಇದೇ ನಡೆದಿದೆ. ಸಂಡೂರಿನ ಗಣಿ ಲಾರಿ, ಸಿಂಧನೂರಿನ ಗದ್ದೆಯಲ್ಲಿ ಮಗುಚಿದ ಟ್ರ್ಯಾಕ್ಟರ್, ಹುಣಸೆ ಮರ, ತೆರೆದ ಬಾವಿ, ಬೆನ್ನು ಮುರಿಯುವುದು ಇಲ್ಲಿ. ಬದುಕುವುದನ್ನು ಕಲಿಯಲು ಮಾತ್ರ ಬೆಂಗಳೂರಿಗೋ ವೆಲ್ಲೂರಿಗೋ ಹೋಗಬೇಕು, ಹೊಲ ಮಾರಿ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷದ ಗಡುವು ಕೊಟ್ಟಿತ್ತು. ನಿಯಮ ಬಂದದ್ದು 2017ರಲ್ಲಿ, ಗಡುವು ಮುಗಿದೇ ಹೋಯಿತು. ಪಿಂಚಣಿ ಕಾಗದಕ್ಕೆ ಅಣ್ಣನನ್ನು ಕರೆದುಕೊಂಡು ಹೋದಾಗ ಕಚೇರಿಗೆ ಏಳು ಮೆಟ್ಟಿಲು ಇದ್ದವು. ಮೂವತ್ತೆಂಟು ವರ್ಷದ ಗಂಡಸನ್ನು ಕೂಸಿನ ಹಾಗೆ ಎತ್ತಿಕೊಂಡು ಹತ್ತಿದೆವು. ಅವನು ಕಣ್ಣು ಮುಚ್ಚಿಕೊಂಡಿದ್ದ.

ನಿಮ್ಮ ಪತ್ರದ ಎರಡನೇ ಪುಟದ ಕೊನೆಯಲ್ಲಿ ಒಂದು ಸಾಲು ಇದೆ: “ಮೊನ್ನೆಯ ಮೀಟಿಂಗಿಗೆ ಅವನು ಬರಲೇ ಇಲ್ಲ, ಆಸಕ್ತಿ ಇದ್ದ ಹಾಗೆ ಕಾಣಲಿಲ್ಲ.” ಅದಕ್ಕೂ ಎರಡು ಸಾಲು ಮೇಲೆ, ಮೀಟಿಂಗ್ ನಡೆದದ್ದು ಮಿಲ್ಲಿನ ಮಹಡಿ ಮೇಲಿನ ಕೋಣೆಯಲ್ಲಿ ಅಂತ ನೀವೇ ಬರೆದಿದ್ದೀರಿ. ಮಾಸ್ತರೇ, ಮುಂದಿನ ಮೀಟಿಂಗನ್ನು ಕೆಳಗೆ ಅಂಗಳದಲ್ಲಿ, ಬೇವಿನ ಮರದ ನೆರಳಲ್ಲಿ ಇಡಿ. ತಾರೀಕು ತಿಳಿಸಿ. ಬಳ್ಳಾರಿಯಿಂದ ಬೆಳಿಗ್ಗೆ ಬಸ್ಸು ಹಿಡಿದು ನಾನೂ ಬರುತ್ತೇನೆ, ಅಣ್ಣನನ್ನೂ ಕರೆದುಕೊಂಡು ಬರುತ್ತೇನೆ.