ದೋಹಾದಿಂದ ಕಳಿಸಿದ ದುಡ್ಡು ಊರಲ್ಲಿ ಯಾಕೆ ಕಾಣಿಸ್ತಿಲ್ಲ?

ನೀವು ಕೇಳಿರುವುದು ಇಷ್ಟು: ವರ್ಷಗಳಿಂದ ದೋಹಾದಲ್ಲಿ ದುಡಿಯುತ್ತಿದ್ದೀರಿ, ತಿಂಗಳು ತಿಂಗಳು ಕೆ.ಆರ್.ಪೇಟೆ ಕಡೆಯ ನಿಮ್ಮ ಊರಿಗೆ ದುಡ್ಡು ಕಳಿಸುತ್ತೀರಿ. ರಜೆಗೆ ಬಂದು ನೋಡಿದರೆ ಅದೇ ಹಂಚಿನ ಮನೆ, ಉಳಿತಾಯವೂ ಇಲ್ಲ. ಹೊರದೇಶದ ದುಡ್ಡಿನಿಂದ ಹಳ್ಳಿಗಳು ಉದ್ಧಾರ ಆಗುತ್ತವೆ ಅಂತಾರಲ್ಲ, ನನ್ನ ದುಡ್ಡು ಎಲ್ಲಿ ಹೋಯಿತು? ಈಗ ತಮ್ಮ ಇನ್ನೊಂದು ಬೋರ್‌ವೆಲ್‌ಗೆ ಕೇಳುತ್ತಿದ್ದಾನೆ, ಕೊಡಲಾ ಬೇಡವಾ?

ನಾನು ದುಡ್ಡು ತಗೊಳ್ಳುವ ಕಡೆಯವಳು. ನಮ್ಮ ಮನೆಯವರು ಮಸ್ಕತ್‌ನಲ್ಲಿ ಎಲೆಕ್ಟ್ರಿಷಿಯನ್. ನಾನು ಮಕ್ಕಳ ಜೊತೆ ಮೈಸೂರಿನಲ್ಲಿದ್ದೇನೆ, ಅತ್ತೆ ಮಾವ ನಾಗಮಂಗಲ ತಾಲ್ಲೂಕಿನ ಊರಲ್ಲಿದ್ದಾರೆ. ಹಾಗಾಗಿ ಈ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ.

ದುಡ್ಡು ಬಂದ ದಿನ ನಾನು ಒಂದು ನೋಟ್‌ಬುಕ್ಕಿನಲ್ಲಿ ಖರ್ಚು ಬರೆದಿಡುತ್ತೇನೆ. ಮಾವನ ಶುಗರ್ ಮಾತ್ರೆ. ಮಗಳ ಸ್ಕೂಲ್ ವ್ಯಾನು. ಊರಿನ ಹಸುಗಳಿಗೆ ಬೂಸಾ ಮೂಟೆ. ಸಂಘದ ಸಾಲದ ಕಂತು. ಅತ್ತೆಯ ಕಣ್ಣಿನ ಆಪರೇಷನ್ ಆದ ತಿಂಗಳು ಪುಟ ಪೂರ್ತಿ ಅದರದೇ ಲೆಕ್ಕ. ಇದರಲ್ಲಿ ಯಾವುದೂ ಬೀದಿಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಆದರೆ ಈ ದುಡ್ಡು ಬರದೇ ಇದ್ದಿದ್ದರೆ ಮಗಳು ಶಾಲೆ ಬಿಡದಿದ್ದರೂ ಹಸು ಮಾರಬೇಕಾಗುತ್ತಿತ್ತು, ಹಸು ಹೋದರೆ ಡೈರಿ ಬಟವಾಡೆಯೂ ಹೋಗುತ್ತಿತ್ತು. ನಿಮ್ಮ ಮನೆಯಲ್ಲೂ ಹೀಗೇ ಆಗಿರುತ್ತದೆ ಅಂತ ನನ್ನ ಅನಿಸಿಕೆ. ತಾರಸಿ ಮನೆ ಎದ್ದಿಲ್ಲ ಅಂದ ಮಾತ್ರಕ್ಕೆ ದುಡ್ಡು ಪೋಲಾಯಿತು ಅಂದುಕೊಳ್ಳಬೇಡಿ. ದಯವಿಟ್ಟು ಮನೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ಒಂದು ತಿಂಗಳ ಲೆಕ್ಕ ಕೇಳಿ ನೋಡಿ.

ಇನ್ನೊಂದು ವಿಷಯ. 2023ರಲ್ಲಿ ಮಳೆ ಕೈಕೊಟ್ಟಾಗ ನಮ್ಮೂರಲ್ಲಿ ರಾಗಿ ಮೊಣಕಾಲುದ್ದವೂ ಬರಲಿಲ್ಲ. ಆ ವರ್ಷ ನಮ್ಮವರು ಓವರ್‌ಟೈಮ್ ಮಾಡಿ ಜಾಸ್ತಿ ಕಳಿಸಿದರು. ಲೋಕದಲ್ಲೆಲ್ಲಾ ಹೀಗೇ ಅಂತೆ. ಬರ, ನೆರೆ ಬಂದಾಗ ಹೊರಗಿನ ಹೂಡಿಕೆದಾರರ ಬಂಡವಾಳ ಓಡಿಹೋಗಬಹುದು, ಮನೆಯವರು ಕಳಿಸುವ ದುಡ್ಡು ಮಾತ್ರ ಸಾಮಾನ್ಯವಾಗಿ ಹೆಚ್ಚುತ್ತದೆ. ರಿಸರ್ವ್ ಬ್ಯಾಂಕ್ ಲೆಕ್ಕದಲ್ಲಿ 2023-24ರಲ್ಲಿ ಹೀಗೆ ಭಾರತಕ್ಕೆ ಬಂದದ್ದು ಸುಮಾರು 11,870 ಕೋಟಿ ಡಾಲರ್. ಅದರಲ್ಲಿ ಕರ್ನಾಟಕದ ಪಾಲು ನೂರಕ್ಕೆ 7.7. ನಿಮ್ಮ ರಿಯಾಲ್‌ಗಳೂ ಅದರಲ್ಲಿ ಸೇರಿವೆ.

ಹಾಗಂತ ಸೋರಿಕೆಯೇ ಇಲ್ಲ ಅಂತಲ್ಲ. ನನ್ನ ಪ್ರಕಾರ ಮೊದಲ ಸೋರಿಕೆ ಸಾಲದ ಬಡ್ಡಿ. ನೋಂದಾಯಿತ ಏಜೆಂಟ್ ವಿದೇಶದ ಕೆಲಸಕ್ಕೆ ತಗೊಳ್ಳಬಹುದಾದ ಫೀಸು 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಆದರೆ ನಮ್ಮ ಕಡೆ ಲಕ್ಷದ ಮೇಲೆ ಕೊಟ್ಟು ಹೋದವರು ಎಷ್ಟೋ ಜನ. ನಮ್ಮವರೂ ಅವರಲ್ಲಿ ಒಬ್ಬರು. ಆ ದುಡ್ಡನ್ನು ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದೆವು. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ ನೂರಕ್ಕೆ 36. ಯಾವ ಹೊಲ, ಯಾವ ಹಸು ಇಷ್ಟು ಲಾಭ ಕೊಡುತ್ತದೆ ಹೇಳಿ? ನಿಮ್ಮದು ಅಂಥ ಸಾಲ ಇನ್ನೂ ಉಳಿದಿದ್ದರೆ ಮೊದಲು ಅದನ್ನು ತೀರಿಸಿ. ಮನೆ, ಸೈಟು, ಒಡವೆ ಎಲ್ಲ ಆಮೇಲೆ.

ಎರಡನೆಯದು ಕಳಿಸುವ ಖರ್ಚು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಇದಕ್ಕೇ ಒಂದು ಗುರಿ ಇದೆ. 2030ರೊಳಗೆ ಈ ಖರ್ಚು ನೂರಕ್ಕೆ 3ಕ್ಕಿಂತ ಕೆಳಗೆ ಬರಬೇಕು ಅಂತ. ಲೋಕದ ಸರಾಸರಿ ಇನ್ನೂ 6ರ ಮೇಲಿದೆ. ಗಲ್ಫಿನಿಂದ ಭಾರತಕ್ಕೆ ಅಷ್ಟು ಬೀಳುವುದಿಲ್ಲ, ಆದರೂ ಹುಷಾರಾಗಿರಬೇಕು. ಫೀಸು ಇಲ್ಲ ಅಂತ ಬೋರ್ಡ್ ಹಾಕಿ ರೇಟಿನಲ್ಲಿ ಹಿಡಿದುಕೊಳ್ಳುವವರಿದ್ದಾರೆ. ನಮ್ಮವರು ಕೌಂಟರಿನಲ್ಲಿ ಕೇಳುವುದು ಒಂದೇ ಮಾತು: ಎಲ್ಲ ಕಳೆದು ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತೆ? 25,000ಕ್ಕೆ ನೂರಕ್ಕೆ 3 ಉಳಿದರೂ ತಿಂಗಳಿಗೆ 750, ವರ್ಷಕ್ಕೆ 9,000. ಸ್ವಲ್ಪ ಸ್ವಲ್ಪವಾಗಿ ನಾಲ್ಕು ಸಲ ಕಳಿಸುವ ಬದಲು ಒಂದೇ ಸಲ ಕಳಿಸಿದರೆ ಫೀಸೂ ಉಳಿಯುತ್ತದೆ.

ನಿಮ್ಮ ಹೆಸರಲ್ಲಿ ಎನ್‌ಆರ್‌ಇ ಖಾತೆ, ಅಂದರೆ ಹೊರದೇಶದಲ್ಲಿ ದುಡಿಯುವವರು ಅಲ್ಲಿನ ದುಡಿಮೆಯನ್ನು ಇಲ್ಲಿನ ಬ್ಯಾಂಕಿನಲ್ಲಿ ರೂಪಾಯಿಯಲ್ಲಿ ಇಡುವ ಖಾತೆ, ಇದೆಯಾ? ಇಲ್ಲದಿದ್ದರೆ ಈ ಸಲ ಬಂದಾಗ ಮಾಡಿಸಿ. ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಮನೆ ಖರ್ಚಿನದು ಅಮ್ಮನ ಖಾತೆಗೆ ಹೋಗಲಿ, ಉಳಿಸುವ ಪಾಲು ಮಾತ್ರ ನಿಮ್ಮ ಖಾತೆಯಲ್ಲೇ ಇರಲಿ. ಎಲ್ಲಾ ಒಂದೇ ಖಾತೆಗೆ ಬಿದ್ದರೆ ಯಾವ ಮನೆಯಲ್ಲೂ ಉಳಿಯುವುದಿಲ್ಲ. ಯಾರದೋ ಮದುವೆ, ಯಾರದೋ ಕೈಸಾಲ, ಇಲ್ಲ ಅನ್ನಲು ಊರಲ್ಲಿರುವವರಿಗೆ ಬಾಯಿ ಬರುವುದಿಲ್ಲ.

ಇನ್ನು ಬೋರ್‌ವೆಲ್. ನೀವು ಕೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ.

ನಮ್ಮ ಹೊಲದಲ್ಲಿ ಮಾವ ಮಸ್ಕತ್ ದುಡ್ಡಿನಲ್ಲಿ ಹೊಸ ಬೋರ್ ತೆಗೆಸಿದರು. ರಾತ್ರಿ ಲಾರಿ ಬಂತು. ಪೈಪ್ ಮೇಲೆ ಪೈಪ್ ಇಳಿಸಿದರು. ಬೆಳಗಿನ ಜಾವದವರೆಗೂ ಬಿಳಿ ಧೂಳೇ ಹಾರಿತು, ಬೇವಿನ ಮರವೆಲ್ಲ ಬೆಳ್ಳಗಾಗಿತ್ತು. ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡು ಲಾರಿಯವರು ಹೋದರು. ನಮ್ಮ ಕಡೆ ಕೆಳಗಿರುವುದು ಗಟ್ಟಿ ಬಂಡೆ. ನೀರು ಇರುವುದು ಅದರ ಬಿರುಕುಗಳಲ್ಲಿ. ಒಬ್ಬರು ಆಳಕ್ಕೆ ಹೋದರೆ ಪಕ್ಕದವರದು ಬತ್ತುತ್ತದೆ, ಅವರು ಇನ್ನೂ ಆಳಕ್ಕೆ ಹೋಗುತ್ತಾರೆ. ಹೊರಗಿನಿಂದ ದುಡ್ಡು ಬರುವ ಮನೆ ಆಳಕ್ಕೆ ಹೋಗುತ್ತದೆ, ಬಾರದ ಮನೆಯವರ ಹೊಲ ಒಣಗುತ್ತದೆ. ನಾವು ಕಳಿಸಿದ ದುಡ್ಡೇ ಊರಿನ ನೀರನ್ನು ಖಾಲಿ ಮಾಡಿದರೆ ಅದನ್ನು ಅಭಿವೃದ್ಧಿ ಅನ್ನೋಕಾಗುತ್ತಾ?

ಆಮೇಲೆ ನಾವು ಮಳೆ ನೀರು ಹಿಡಿದಿಡಲು ಹೊಲದಲ್ಲೇ ಕೃಷಿ ಹೊಂಡ ತೋಡಿಸಿದೆವು. ಹೊಂಡಕ್ಕೂ ಹನಿ ನೀರಾವರಿಗೂ ಸರ್ಕಾರದ ಸಹಾಯಧನ ಇದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬೇಕು. ತಳಕ್ಕೆ ಟಾರ್ಪಾಲು ಹಾಸಿದ್ದೇವೆ, ಸುತ್ತ ತಂತಿಬೇಲಿ ಹಾಕಿದ್ದೇವೆ. ಮಕ್ಕಳು, ಕರುಗಳು ಓಡಾಡುವ ಜಾಗ, ಬೇಲಿ ಮಾತ್ರ ಬಿಡಬೇಡಿ. ಭತ್ತ, ಕಬ್ಬಿಗೆ ಆ ನೀರು ಸಾಲುವುದಿಲ್ಲ. ಹುರುಳಿ, ರಾಗಿ ಒಣಗುವ ಹೊತ್ತಿಗೆ ಒಂದು ಸಲ ಹಾಯಿಸಲು, ಹಸುವಿನ ಮೇವಿಗೆ ಸಾಕು.

ಹಾಗಾಗಿ ತಮ್ಮನಿಗೆ ಬರೀ ಇಲ್ಲ ಅನ್ನಬೇಡಿ. ಅವನು ಅಲ್ಲಿ ಅಪ್ಪ ಅಮ್ಮನನ್ನು ನೋಡಿಕೊಂಡು ಹೊಲದಲ್ಲಿ ನಿಂತಿದ್ದಾನೆ, ಆ ಕೆಲಸಕ್ಕೆ ಸಂಬಳ ಇಲ್ಲ. ಬೋರಿಗೆ ಇಟ್ಟ ದುಡ್ಡನ್ನು ಹೊಂಡಕ್ಕೂ ಒಂದು ಒಳ್ಳೆ ಹಸುವಿಗೂ ಕೊಡುತ್ತೇನೆ ಅನ್ನಿ. ಹಾಲಿನ ಬಟವಾಡೆ ಅವನ ಕೈಗೇ ಬರಲಿ. 2020ರಲ್ಲಿ ಕೊರೊನಾ ಬಂದಾಗ ಮುಂಬೈಯಿಂದ ನಿಮ್ಮ ತಾಲ್ಲೂಕಿಗೆ ಎಷ್ಟು ಜನ ವಾಪಸ್ ಬಂದರು ಅಂತ ನಿಮಗೇ ಗೊತ್ತಲ್ಲ. ಅಲ್ಲಿಂದ ಬರುತ್ತಿದ್ದ ದುಡ್ಡು ಒಂದೇ ತಿಂಗಳಲ್ಲಿ ನಿಂತುಹೋಯಿತು. ದೋಹಾ ಕೆಲಸವೂ ಒಂದು ದಿನ ಮುಗಿಯುತ್ತದೆ, ಆಗ ಊರಲ್ಲಿ ಏನಾದರೂ ತಾನೇ ದುಡಿಯುತ್ತಿರಬೇಕು.

ಒಂದು ಮಾತು ಉಳಿಯಿತು. ನಿಮ್ಮದು ಇಸಿಆರ್ ಪಾಸ್‌ಪೋರ್ಟ್ (ಗಲ್ಫಿನಂಥ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ಅನುಮತಿ ಬೇಕಾದದ್ದು) ಆಗಿದ್ದರೆ ಪ್ರವಾಸಿ ಭಾರತೀಯ ಬೀಮಾ ಯೋಜನೆಯ ವಿಮೆ ಮಾಡಿಸಿರುತ್ತಾರೆ. ಅಪಘಾತದಲ್ಲಿ ಪ್ರಾಣ ಹೋದರೆ ಅಥವಾ ಅಂಗ ಊನವಾದರೆ 10 ಲಕ್ಷದವರೆಗೆ ಸಿಗುತ್ತದೆ. ಕಂತು ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ. ಅವಧಿ ಮುಗಿದಿದೆಯಾ ನೋಡಿ, ಮುಗಿದಿದ್ದರೆ ಆನ್‌ಲೈನಲ್ಲೇ ಮುಂದುವರಿಸಬಹುದು. ಪಾಲಿಸಿ ನಂಬರನ್ನು ಅಮ್ಮನಿಗೂ ತಮ್ಮನಿಗೂ ಬರೆದು ಕೊಟ್ಟಿರಿ.